ಬಣ್ಣಕ್ಕಾಗಿ ಹಾವು ಸಾಕುವವರು

ಹಾವೆಂದೊಡನೆ ನಮ್ಮವರಿಗೆ ಎರಡೇ ಕಾರ್ಯಗಳು ನೆನಪಿಗೆ ಬರುವುವು: ಹುತ್ತದಲ್ಲಿದ್ದರೆ ಹಾಲೆರೆದು ಕೈಮುಗಿಯುವುದು, ಹಿತ್ತಲಿಗೆ ಬಂದರೆ ಕೋಲು ಹುಡುಕುವುದು. ಇವೆರಡನ್ನೂ ಬಿಟ್ಟು ಮೂರನೆಯದೊಂದು ಉಂಟೆಂದು, ಹಾವನ್ನು ಮನೆಯೊಳಗೇ ಇಟ್ಟುಕೊಂಡು, ಅದಕ್ಕೆ ತಕ್ಕ ಜೊತೆಯನ್ನು ಹುಡುಕಿ, ಹುಟ್ಟಲಿರುವ ಮರಿಗಳ ಮೈಬಣ್ಣವನ್ನು ನಾಲ್ಕಾರು ವರ್ಷ ಮೊದಲೇ ಲೆಕ್ಕ ಹಾಕಿ ಕಾದುಕುಳಿತಿರುವ ಗೃಹಸ್ಥರು ಲೋಕದಲ್ಲಿರುವರೆಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಕಣ್ಣಾರೆ ಕಂಡುಬಂದಮೇಲೆ ನಂಬದೆ ವಿಧಿಯಿಲ್ಲ.

ಪಾಠಶಾಲೆಯ ಕೆಲಸದಿಂದ ನಿವೃತ್ತನಾದ ವರ್ಷ ನಾನೂ ನನ್ನ ಮನೆಯಾಕೆಯೂ ಅಮೆರಿಕದ ಉತ್ತರ ಕ್ಯಾರೊಲಿನಾ ಪ್ರಾಂತದಲ್ಲಿರುವ ಮಗಳ ಮನೆಗೆ ಹೋಗಿ ಆರು ತಿಂಗಳು ಇದ್ದೆವು. ಮಗಳ ಮನೆಯ ಎಡಗಡೆಗೆ ಅಂಚೆಯ ಇಲಾಖೆಯಲ್ಲಿ ದುಡಿದು ವಿಶ್ರಾಂತಿ ಪಡೆದ ವೃದ್ಧರೊಬ್ಬರು ಒಂಟಿಯಾಗಿ ವಾಸವಾಗಿದ್ದರು. ನಾನು ಉಪಾಧ್ಯಾಯನಾಗಿದ್ದವನೆಂದು ತಿಳಿದೊಡನೆ ಅವರು ನನ್ನನ್ನು ‘ಪ್ರೊಫೆಸರ್’ ಎಂದು ಕರೆಯತೊಡಗಿದರು. ನಾನು ಬರಿಯ ಸಂಸ್ಕೃತದ ಮೇಷ್ಟ್ರೆಂದು ಎಷ್ಟು ಹೇಳಿದರೂ ಬಿಡಲಿಲ್ಲ. ಒಂದು ದಿನ ಕಾಫಿಗೆ ಕರೆದು, ಅದನ್ನು ಕುಡಿದಾದಮೇಲೆ, “ನನ್ನ ಸಂಸಾರವನ್ನು ನೋಡುವಿರಾ?” ಎಂದು ಒಳಮನೆಯ ಬಾಗಿಲನ್ನು ತೆರೆದರು. ಗೋಡೆಯುದ್ದಕ್ಕೂ ಗಾಜಿನ ಬಾಗಿಲುಗಳುಳ್ಳ ಗೂಡುಗಳು. ಒಂದೊಂದರಲ್ಲಿಯೂ ಒಂದೊಂದು ಹಾವು. ಎಣಿಸಿದೆ, ಮೂವತ್ತೆಂಟು ಇದ್ದುವು. ನನ್ನ ಮನೆಯಾಕೆ ಹೊಸ್ತಿಲಲ್ಲಿಯೇ ನಿಂತು ಕೈಮುಗಿದು, “ನೀವು ನೋಡಿಕೊಂಡು ಬನ್ನಿ, ನಾನು ಇಲ್ಲಿಯೇ ಇರುತ್ತೇನೆ” ಎಂದವಳು ಕಡೆಯವರೆಗೂ ಒಳಕ್ಕೆ ಕಾಲಿಡಲಿಲ್ಲ.

ಅವೆಲ್ಲವೂ ಬೋವಾ ಕನ್‌ಸ್ಟ್ರಿಕ್ಟರ್ ಎಂಬ ಜಾತಿಗೆ ಸೇರಿದುವು. ೧೭೫೮ರಲ್ಲಿ ಲಿನಿಯಸ್ ಪಂಡಿತನು ಇಟ್ಟ ಹೆಸರಿದು. ಎರಡನೆಯ ಪದಕ್ಕೆ ‘ಬಿಗಿಯುವವನು’ ಎಂದರ್ಥ. ಮೆಕ್ಸಿಕೋವಿನಿಂದ ದಕ್ಷಿಣ ಅಮೆರಿಕದ ಅರ್ಜೆಂಟೀನದವರೆಗೂ ಈ ಹಾವುಗಳ ನೆಲೆ. ಈಚಿನ ವಿದ್ವಾಂಸರು ಇವನ್ನು ಬೇರೆ ಬೇರೆ ಜಾತಿಗಳಾಗಿ ವಿಂಗಡಿಸಿ, ಮನೆಗಳಲ್ಲಿ ಸಾಕುವ ಹೆಚ್ಚಿನ ಹಾವುಗಳಿಗೆ ‘ಬೋವಾ ಇಂಪೆರೇಟರ್’ ಎಂಬ ಹೆಸರು ಸಲ್ಲುವುದೆನ್ನುವರು. ಸಾಕುವವರು ಮಾತ್ರ ಹಳೆಯ ಹೆಸರನ್ನು ಬಿಟ್ಟಿಲ್ಲ. ನೋಟಕ್ಕೆ ನಮ್ಮ ಹೆಬ್ಬಾವನ್ನೇ ಹೋಲುವುದಾದರೂ ಎರಡಕ್ಕೂ ದೊಡ್ಡ ಅಂತರವುಂಟು. ನಮ್ಮ ಹೆಬ್ಬಾವು ಮೊಟ್ಟೆಯಿಟ್ಟು ಸುತ್ತಿ ಮಲಗಿ ಕಾಯುವುದು. ಬೋವಾ ಮರಿಗಳನ್ನೇ ಹಡೆಯುವುದು. ಬೋವಾದ ನಿಜವಾದ ನಂಟು ನಮ್ಮ ಹೊಲಗಳಲ್ಲಿ ಸಿಕ್ಕುವ, ಎರಡು ತಲೆಯ ಹಾವೆಂದು ಜನರು ಕರೆಯುವ ಮಣ್ಣುಮುಕ್ಕನೊಡನೆ. ಆ ಬಡಪ್ರಾಣಿಯ ಮಾತು ಮುಂದೆ ಬರುವುದು.

ಸಂಸ್ಕೃತದಲ್ಲಿ ಹೆಬ್ಬಾವಿಗೆ ಅಜಗರವೆಂದು ಹೆಸರು. ಅಜವೆಂದರೆ ಆಡು, ಅದನ್ನು ನುಂಗುವುದು ಅಜಗರ. ಬೋವಾಕ್ಕೆ ಆಡು ಬೇಕಿಲ್ಲ, ಇಲಿಯೇ ಸಾಕು. ಎರಡರಿಂದ ಮೂರು ಮೀಟರು ಬೆಳೆಯುವುದಾದರೂ ದೊಡ್ಡ ಹಾವಿಗೆ ಎರಡು ಮೂರು ವಾರಕ್ಕೊಮ್ಮೆ ಒಂದು ಹೆಗ್ಗಣದ ಗಾತ್ರದ ಇಲಿ ಹಾಕಿದರೆ ತೃಪ್ತಿ. ಇದು ಬೇಟೆಯನ್ನು ಉಸಿರುಕಟ್ಟಿಸಿ ಕೊಲ್ಲುವುದೆಂದು ಬಹುಕಾಲ ನಂಬಿದ್ದರು. ಪೆನ್ಸಿಲ್ವೇನಿಯಾದ ಡಿಕಿನ್‌ಸನ್ ಕಾಲೇಜಿನವರು ೨೦೧೫ರಲ್ಲಿ ಪ್ರಕಟಿಸಿದ ಪರೀಕ್ಷೆಯಿಂದ ಬೇರೆಯದೇ ತಿಳಿದುಬಂತು: ಹಾವು ಬಿಗಿದ ಕೆಲವು ಕ್ಷಣಗಳಲ್ಲಿಯೇ ಇಲಿಯ ರಕ್ತಸಂಚಾರವು ನಿಂತು, ಹೃದಯಕ್ಕೆ ರಕ್ತವು ಸಾಲದಾಗಿ ಪ್ರಾಣ ಹೋಗುವುದು. ವಿಷವಂತೂ ಇದಕ್ಕಿಲ್ಲ. ಆಯುಸ್ಸು ಮಾತ್ರ ದೀರ್ಘ. ಇಪ್ಪತ್ತು, ಮೂವತ್ತು ವರ್ಷ ಬಾಳುವುದು ಸಾಮಾನ್ಯ. ಫಿಲಡೆಲ್ಫಿಯಾದ ಮೃಗಾಲಯದಲ್ಲಿದ್ದ ಒಂದು ಬೋವಾ ೪೦ ವರ್ಷ ಬದುಕಿ ೧೯೭೭ರಲ್ಲಿ ಸತ್ತಿತು. ಹಾವು ಕೊಳ್ಳುವವನು ತನ್ನ ವಯಸ್ಸನ್ನೂ ನೋಡಿಕೊಳ್ಳಬೇಕೆಂದು ನಮ್ಮ ನೆರೆಯವರು ನಗುತ್ತ ಹೇಳಿದರು. ಅವರಿಗೆ ಎಪ್ಪತ್ತೊಂದು.

ಕಾಡಿನ ಬೋವಾದ ಬಣ್ಣ ಒಣಗಿದ ಎಲೆಯ ಬಣ್ಣ. ಬೂದು ಬೆರೆತ ಕಂದುಮೈ, ಬೆನ್ನಿನ ಮೇಲೆ ಕಪ್ಪುಕಂದಿನ ತೊಗಲಪಟ್ಟಿಯಂತಹ ಗುರುತುಗಳು, ಬಾಲದ ಕಡೆಗೆ ಅವೇ ಇಟ್ಟಿಗೆಯ ಕೆಂಪಾಗುವುವು. ಆದರೆ ಆ ಕೋಣೆಯಲ್ಲಿ ಇಂತಹವು ಒಂದು ಸಾಲು ಮಾತ್ರ. ಅದರ ಕೆಳಗೆ ಹಣ್ಣಾದ ಮಾವಿನ ಬಣ್ಣದ ಹಾವು, ಕಣ್ಣು ಮಾಣಿಕ್ಯದಂತೆ ಕೆಂಪು. ಪಕ್ಕದಲ್ಲಿ ಬೆಳ್ಳಿಯ ತಗಡಿಗೆ ಕಾಡಿಗೆ ಬರೆದಂತಿರುವ ಇನ್ನೊಂದು. ಮೂಲೆಯಲ್ಲಿ ಹಾಲಿಗೆ ಒಂದೇ ಹನಿ ಕುಂಕುಮದ ನೀರು ಬಿದ್ದಂತಿರುವ ಮತ್ತೊಂದು. ಇಂತಹ ಬಣ್ಣದ ರೂಪಾಂತರಗಳಿಗೆ ಅವರು ‘ಮಾರ್ಫ್’ ಎನ್ನುವರು.

ಹಾವಿನ ಚರ್ಮದಲ್ಲಿ ಬಣ್ಣಗಾರರು ಮೂವರಿರುವರೆಂದು ತಿಳಿಯಬಹುದು. ಒಬ್ಬನು ಕಪ್ಪು ಮತ್ತು ಕಂದನ್ನು ಬಳಿಯುವನು. ಇನ್ನೊಬ್ಬನು ಹಳದಿ ಕೆಂಪುಗಳನ್ನು. ಮೂರನೆಯವನು ಬಣ್ಣವನ್ನೇ ಹಾಕದೆ ಸಣ್ಣ ಹರಳುಗಳಿಂದ ಬೆಳಕನ್ನು ಚೆದುರಿಸಿ ಹೊಳಪು ಕೊಡುವನು. ಹುಟ್ಟಿನಲ್ಲಿಯೇ ಮೊದಲನೆಯವನು ಬಾರದೆ ಹೋದರೆ ಹಳದಿ ಕೆಂಪುಗಳೇ ಉಳಿದು ಆ ಮಾವಿನ ಬಣ್ಣ ಬರುವುದು, ಇದು ಅಲ್ಬಿನೋ. ಕೆಂಪಿನವನು ಬಾರದಿದ್ದರೆ ಬೆಳ್ಳಿ ಕಾಡಿಗೆಯ ಹಾವು. ಅದಕ್ಕೆ ‘ಅನೆರಿ’ ಎಂದು ಕರೆಯುವರು. ಇಬ್ಬರೂ ಬಾರದಿದ್ದರೆ ಹಾಲು ಕುಂಕುಮದ್ದು. ಅದರ ಹೆಸರು ‘ಸ್ನೋ’, ಎಂದರೆ ಹಿಮ. ಕಪ್ಪಿನವನು ಬಂದರೂ ಕೈಬಿಗಿಹಿಡಿದು ಬಳಿದರೆ ‘ಸಾಲ್ಮನ್’ ಎಂಬ ನಸುಗೆಂಪಿನ ಹಾವು ಹುಟ್ಟುವುದು. ಸಾಲ್ಮನ್ನಿನ ಗುಣವೂ ಅಲ್ಬಿನೋವಿನ ಗುಣವೂ ಒಂದರಲ್ಲಿ ಕೂಡಿದರೆ ‘ಸನ್‌ಗ್ಲೋ’. ಇನ್ನೂ ಹತ್ತಾರು ಹೆಸರುಗಳಿವೆ. ಅವೆಲ್ಲವನ್ನೂ ಬರೆದರೆ ಸೀರೆಯ ಅಂಗಡಿಯ ಪಟ್ಟಿಯಂತಾದೀತು.

ಈ ಬಣ್ಣಗಳು ತಾಯಿತಂದೆಯರಿಂದ ಮಕ್ಕಳಿಗೆ ಇಳಿಯುವ ರೀತಿಯೇ ಈ ವಿದ್ಯೆಯ ಜೀವಾಳ. ನಮ್ಮ ಪಾಠಶಾಲೆಯಲ್ಲಿ ನನ್ನ ತರಗತಿಗೂ ವಿಜ್ಞಾನದ ಮೇಷ್ಟ್ರ ತರಗತಿಗೂ ನಡುವೆ ಒಂದೇ ಗೋಡೆ. ನಾನು ಇತ್ತ ಶಬ್ದಗಳನ್ನು ಹೇಳಿಸುತ್ತಿದ್ದಾಗ ಅತ್ತಲಿಂದ ವರ್ಷವರ್ಷವೂ ಮೆಂಡೆಲನ ಬಟಾಣಿಗಳು ಕೇಳಿಬರುತ್ತಿದ್ದುವು. ಆಸ್ಟ್ರಿಯ ದೇಶದ ಆ ಸಂನ್ಯಾಸಿಯು ಮಠದ ತೋಟದಲ್ಲಿ ಬಟಾಣಿ ಬೆಳೆದು, ಲೆಕ್ಕವಿಟ್ಟು, ೧೮೬೬ರಲ್ಲಿ ಪ್ರಬಂಧವನ್ನು ಅಚ್ಚುಮಾಡಿಸಿದನು. ಲೋಕವು ಅದನ್ನು ೧೯೦೦ರವರೆಗೂ ಓದಲಿಲ್ಲ. ಗೋಡೆಯಾಚೆಯಿಂದ ಮೂವತ್ತು ವರ್ಷ ಕೇಳಿದ್ದ ಪಾಠದ ಅರ್ಥವು ನನಗೆ ಆದದ್ದು ಈ ಹಾವಿನ ಕೋಣೆಯಲ್ಲಿ.

ಪ್ರತಿಯೊಂದು ಪ್ರಾಣಿಗೂ ಪ್ರತಿಯೊಂದು ಗುಣಕ್ಕೆ ಎರಡೆರಡು ಬೀಜಗಳು: ತಾಯಿಯಿಂದ ಒಂದು, ತಂದೆಯಿಂದ ಒಂದು. ಅಲ್ಬಿನೋವಿನ ಬೀಜ ಒಂದೇ ಇದ್ದರೆ ಸಾಧಾರಣದ ಬೀಜವು ಅದನ್ನು ಮುಚ್ಚಿಬಿಡುವುದು. ಹಾವು ಕಾಡಿನ ಹಾವಿನಂತೆಯೇ ಕಾಣುವುದು. ಎರಡೂ ಅಲ್ಬಿನೋವಿನದೇ ಆದಾಗ ಮಾತ್ರ ಬಣ್ಣವು ಹೊರಬೀಳುವುದು. ಪಠ್ಯಪುಸ್ತಕಗಳಲ್ಲಿ ಇಂತಹ ಗುಣಕ್ಕೆ ‘ದುರ್ಬಲ’ವೆಂದು ಬರೆದಿರುವರು. ಆ ಮಾತು ನನಗೆ ಒಪ್ಪದು. ಹತ್ತು ತಲೆಮಾರು ಅಡಗಿದ್ದು ಹನ್ನೊಂದನೆಯದರಲ್ಲಿ ಹಾಗೆಯೇ ಎದ್ದುಬರುವುದನ್ನು ದುರ್ಬಲವೆನ್ನುವುದು ಹೇಗೆ? ನಾನು ಅದನ್ನು ಗುಪ್ತವೆನ್ನುವೆನು. ಗುಪ್ತವಾದ ಒಂದು ಬೀಜವನ್ನು ಹೊತ್ತ ಹಾವಿಗೆ ಸಾಕುವವರ ಭಾಷೆಯಲ್ಲಿ ‘ಹೆಟ್’ ಎಂದು ಹೆಸರು.

ಎರಡು ಹೆಟ್ ಹಾವುಗಳನ್ನು ಕೂಡಿಸಿದರೆ ಸರಾಸರಿಯಲ್ಲಿ ನಾಲ್ಕು ಮರಿಗಳಿಗೆ ಒಂದು ಅಲ್ಬಿನೋ. ಉಳಿದ ಮೂರರಲ್ಲಿ ಎರಡು ಹೆಟ್, ಒಂದು ಏನನ್ನೂ ಹೊರದ ಸಾಧಾರಣ. ಆದರೆ ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಯಾವುದು ಹೊತ್ತದ್ದು ಯಾವುದು ಹೊರದ್ದೆಂದು ಕಣ್ಣಿಗೆ ತಿಳಿಯದು. ಅದಕ್ಕಾಗಿ ಅಂತಹ ಮರಿಗಳನ್ನು ಮಾರುವಾಗ ಚೀಟಿಯ ಮೇಲೆ ‘೬೬’ ಎಂದು ಬರೆಯುವರು. ನೂರಕ್ಕೆ ಅರುವತ್ತಾರು ಪಾಲು ಹೆಟ್ ಆಗಿರಬಹುದೆಂದು ತಾತ್ಪರ್ಯ. ಎರಡು ಗುಪ್ತಗುಣಗಳು ಒಟ್ಟಿಗೆ ಬೇಕಾದ ‘ಸ್ನೋ’ ಹಾವಿಗಾದರೆ, ಎರಡನ್ನೂ ಗುಪ್ತವಾಗಿ ಹೊತ್ತ ಜೊತೆಗೆ ಹದಿನಾರರಲ್ಲಿ ಒಂದು ಮಾತ್ರ ಬರುವುದು. ಬೋವಾ ಒಮ್ಮೆಗೆ ಹಾಕುವುದು ಸಾಮಾನ್ಯವಾಗಿ ಹದಿನೈದರಿಂದ ಮೂವತ್ತು ಮರಿ. ಅದೃಷ್ಟವು ಕೈಕೊಟ್ಟರೆ ಒಂದೂ ಬಾರದೆ ಹೋಗಬಹುದು.

ಇದನ್ನು ಓದುವ ಗೃಹಿಣಿಯರಿಗೆ ಹಾವಿನ ಮಾತು ನಮಗೇಕೆನಿಸಬಹುದು. ಗುಪ್ತಗುಣದ ಲೆಕ್ಕವು ಹಾವಿಗೂ ಬಟಾಣಿಗೂ ಮಾತ್ರವಲ್ಲ, ನಮಗೂ ಉಂಟು. ಸೋದರಮಾವನಿಗೆ ಹೆಣ್ಣು ಕೊಡುವ, ಅತ್ತೆಯ ಮಗನಿಗೆ ತರುವ ರೂಢಿ ನಮ್ಮ ನಾಡಿನಲ್ಲಿ ಹಳೆಯದು. ಒಂದೇ ಅಜ್ಜನಿಂದ ಇಳಿದ ಒಂದೇ ಗುಪ್ತಬೀಜವು ಗಂಡಿನಲ್ಲಿಯೂ ಹೆಣ್ಣಿನಲ್ಲಿಯೂ ಇರುವ ಸಂಭವವು ಅಂತಹ ಮದುವೆಯಲ್ಲಿ ಹೆಚ್ಚು. ಆ ಬೀಜವು ರೋಗದ್ದಾದರೆ ಮಗುವಿನಲ್ಲಿ ಅದು ಎದ್ದುಬರುವ ಭಯವೂ ಹೆಚ್ಚು. ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದನು, ಹಾಲಿನಂತಹ ಮೈ, ಹೊಂಬಣ್ಣದ ಕೂದಲು, ಬಿಸಿಲಿಗೆ ಕಣ್ಣು ಬಿಡಲಾರನು. ತಾಯಿಯೂ ತಂದೆಯೂ ಎಣ್ಣೆಗೆಂಪು ಮೈಯವರು, ಮಾವ ಸೊಸೆಯ ಮದುವೆ. ಊರವರು ಆ ತಾಯಿಯ ಬಗೆಗೆ ಆಡಬಾರದ ಮಾತನ್ನಾಡಿದರು. ನಾನೂ ಆಗ ತಿಳಿವಳಿಕೆಯಿಲ್ಲದೆ ಸುಮ್ಮನಿದ್ದೆನು. ಮೆಂಡೆಲನ ನಾಲ್ಕರಲ್ಲೊಂದರ ಲೆಕ್ಕವು ತಿಳಿದಿದ್ದರೆ ಆ ತಾಯಿಯ ಪರವಾಗಿ ಎರಡು ಮಾತಾಡಬಹುದಾಗಿತ್ತು.

ಇನ್ನು ಮರಿ ಮಾಡಿಸುವ ಕ್ರಮ. ಇದರಲ್ಲಿ ಮನುಷ್ಯನು ಮಾಡಬೇಕಾದ ಮುಖ್ಯ ಕೆಲಸ ಕಾಯುವುದು. ಗಂಡು ಎರಡು ಮೂರು ವರ್ಷಕ್ಕೂ ಹೆಣ್ಣು ಮೂರು ನಾಲ್ಕು ವರ್ಷಕ್ಕೂ ಪ್ರಾಯಕ್ಕೆ ಬರುವುವು. ಗೂಡಿನ ಒಂದು ಕಡೆ ಮೂವತ್ತೊಂದು ಮೂವತ್ತೆರಡು ಡಿಗ್ರಿ ಶಾಖವಿರಬೇಕು, ಇನ್ನೊಂದು ಕಡೆ ಇಪ್ಪತ್ತಾರು; ಹಾವು ತನಗೆ ಬೇಕಾದೆಡೆಗೆ ಸರಿದುಕೊಳ್ಳುವುದು. ಚಳಿಗಾಲ ಬಂದಾಗ ರಾತ್ರಿಯ ಶಾಖವನ್ನು ಇಪ್ಪತ್ತೆರಡರವರೆಗೆ ಇಳಿಸಿ ಗಂಡನ್ನು ಹೆಣ್ಣಿನ ಗೂಡಿಗೆ ಬಿಡುವರು. ಗಂಡಿನ ಬಾಲದ ಬುಡದಲ್ಲಿ ಎರಡು ಉಗುರಿನಂತಹ ಮೊಳೆಗಳಿವೆ. ಹಾವಿನ ಪೂರ್ವಿಕರಿಗಿದ್ದ ಹಿಂಗಾಲುಗಳ ಶೇಷಗಳಿವು. ಅವುಗಳಿಂದ ಅದು ಹೆಣ್ಣಿನ ಮೈಯನ್ನು ಮೆಲ್ಲನೆ ಕೆರೆಯುವುದು. ಹೆಣ್ಣು ಒಪ್ಪದಿದ್ದರೆ ಆ ವರ್ಷ ಮುಗಿಯಿತು. ಒಪ್ಪಿದರೆ ವಸಂತದ ಹೊತ್ತಿಗೆ ಅದರ ಮೈ ನಡುವಿನಲ್ಲಿ ಊದುವುದು, ಬಳಿಕ ಒಮ್ಮೆ ಪೊರೆ ಬಿಡುವುದು. ಆ ಪೊರೆ ಬಿಟ್ಟ ದಿನದಿಂದ ಸುಮಾರು ನೂರೈದು ದಿನಕ್ಕೆ ಹೆರಿಗೆ. ಬಸುರಿಯು ಊಟವನ್ನು ಬಿಟ್ಟು ಶಾಖದ ಕಡೆಗೆ ಮೈಯೊಡ್ಡಿ ಮಲಗಿರುವುದನ್ನು ನಾನು ಕಂಡೆನು. ಹೆತ್ತಮೇಲೆ ಒಂದು ವರ್ಷವಾದರೂ ಅದಕ್ಕೆ ವಿಶ್ರಾಂತಿ ಕೊಡಬೇಕು. ಹಣದಾಸೆಗೆ ವರ್ಷವರ್ಷವೂ ಹೆರಿಸುವವರ ಹಾವುಗಳು ಬೇಗನೆ ಸೊರಗುವುವೆಂದು ನಮ್ಮ ನೆರೆಯವರು ಹೇಳಿದರು.

ಅವರ ಸ್ವಂತ ಕಥೆಯೊಂದನ್ನು ಇಲ್ಲಿ ಹೇಳಬೇಕು. ಈ ವಿದ್ಯೆಯನ್ನು ಹಿಡಿದ ಹೊಸದರಲ್ಲಿ ಅಲ್ಬಿನೋ ಹಾವಿನ ಬೆಲೆ ಹಲವು ಸಾವಿರ ಡಾಲರ್. ಅಂಚೆಯಾಳಿನ ಸಂಬಳಕ್ಕೆ ಎಟುಕದು. ಆದುದರಿಂದ ಅವರು ಒಂದು ಹೆಟ್ ಹೆಣ್ಣುಮರಿಯನ್ನು ಒಬ್ಬರಿಂದಲೂ ಒಂದು ಹೆಟ್ ಗಂಡುಮರಿಯನ್ನು ಮತ್ತೊಬ್ಬರಿಂದಲೂ ಕೊಂಡರು. ನೋಡಲು ಎರಡೂ ಕಾಡಿನ ಹಾವುಗಳೇ. ಅವರು ಹಣ ಕೊಟ್ಟದ್ದು ಮಾರುವವರ ಮಾತಿಗೆ. ನಾಲ್ಕು ವರ್ಷ ಸಾಕಿದರು. ಐದನೆಯ ಬೇಸಗೆಯಲ್ಲಿ ಹೆಣ್ಣು ಇಪ್ಪತ್ತು ಮರಿ ಹಾಕಿತು. ಇಪ್ಪತ್ತೂ ಸಾಧಾರಣ ಬಣ್ಣದುವು.

ಇದರ ಲೆಕ್ಕವನ್ನು ಅವರು ನನಗೆ ಕಾಗದದ ಮೇಲೆ ಹಾಕಿ ತೋರಿಸಿದರು. ತಾಯಿತಂದೆಗಳೆರಡೂ ನಿಜವಾಗಿ ಹೆಟ್ ಆಗಿದ್ದರೆ ಇಪ್ಪತ್ತರಲ್ಲಿ ಒಂದೂ ಅಲ್ಬಿನೋ ಆಗದಿರುವ ಸಂಭವವು ಸುಮಾರು ೩೧೫ಕ್ಕೆ ಒಂದು. ಆದುದರಿಂದ ಯಾರೋ ಒಬ್ಬರು ಸುಳ್ಳು ಹೇಳಿದ್ದಾರೆಂದು ನಿಶ್ಚಯಿಸಿದರು. ಹೆಣ್ಣನ್ನು ಮಾರಿದವರು ಇವರ ಬಾಲ್ಯದ ಗೆಳೆಯರ ಪೈಕಿ. ಗಂಡನ್ನು ಮಾರಿದವರು ಈಚಿನ ಪರಿಚಯ. ಸಂಶಯವು ಈಚಿನವರ ಮೇಲೆಯೇ ಬಿತ್ತು. ಅವರಿಗೆ ಕಠಿಣವಾದ ಪತ್ರವನ್ನು ಬರೆದು, ಹಾವು ಸಾಕುವವರು ಸೇರುವ ಸಂತೆಯಲ್ಲಿ ನಾಲ್ಕು ಜನರೆದುರಿಗೆ ವಂಚಕನೆಂದೂ ಕರೆದರು. ಆ ಮನುಷ್ಯನು, “ನಾನು ಸುಳ್ಳು ಹೇಳಿಲ್ಲ” ಎಂದಷ್ಟೇ ನುಡಿದು ತನ್ನ ಪೆಟ್ಟಿಗೆಗಳನ್ನು ಕಟ್ಟಿಕೊಂಡು ಹೊರಟುಹೋದನಂತೆ. ಇಪ್ಪತ್ತು ಮರಿಗಳನ್ನೂ ಇವರು ಸಾಧಾರಣ ಹಾವುಗಳ ಬೆಲೆಗೆ ಮಾರಿದರು.

ಎರಡು ವರ್ಷ ಕಳೆಯಿತು. ಅದೇ ಹೆಣ್ಣಿಗೆ ಸ್ನೇಹಿತರೊಬ್ಬರ ಅಲ್ಬಿನೋ ಗಂಡನ್ನು ಕೂಡಿಸಿದಾಗ ಹದಿನೆಂಟು ಮರಿಗಳಲ್ಲಿ ಎಂಟು ಮಾವಿನ ಬಣ್ಣದುವಾದುವು. ಹೆಣ್ಣು ಹೆಟ್ ಎಂಬುದು ನಿಸ್ಸಂದೇಹವಾಯಿತು. ಗಂಡಿನ ಮೇಲಿನ ಅಪವಾದವು ಇನ್ನಷ್ಟು ಬಲವಾಯಿತು. ಆ ಗಂಡನ್ನು ಇನ್ನಿಡುವುದೇಕೆಂದು ದೂರದ ಊರಿನ ಮತ್ತೊಬ್ಬ ಸ್ನೇಹಿತರಿಗೆ ಕೊಟ್ಟುಬಿಟ್ಟರು. ಮೂರು ವರ್ಷದ ಮೇಲೆ ಆ ಸ್ನೇಹಿತರಿಂದ ಒಂದು ಚಿತ್ರ ಬಂತು. ಅವರು ಅದನ್ನು ತಮ್ಮಲ್ಲಿದ್ದ ಅಲ್ಬಿನೋ ಹೆಣ್ಣಿಗೆ ಕೂಡಿಸಿದ್ದರು. ತೊಟ್ಟಿಯ ತುಂಬ ಹಳದಿ ಮರಿಗಳು!

ಸಂಗತಿಯೇನೆಂದರೆ, ಅಲ್ಬಿನೋ ಬೋವಾಗಳಲ್ಲಿ ಬೇರೆ ಬೇರೆ ಸಂತತಿಗಳುಂಟು. ಮೊದಲು ಸಾಕಿ ಮರಿಮಾಡಿಸಿದವರ ಹೆಸರಿನಿಂದ ಒಂದಕ್ಕೆ ಕಾಲ್ ಸಂತತಿಯೆಂದೂ ಇನ್ನೊಂದಕ್ಕೆ ಶಾರ್ಪ್ ಸಂತತಿಯೆಂದೂ ಕರೆಯುವರು. ಎರಡರಲ್ಲಿಯೂ ಕಪ್ಪು ಇಲ್ಲ. ಆದರೆ ಕಪ್ಪಿನ ಕೆಲಸವು ಕೆಟ್ಟಿರುವ ಜಾಗ ಬೇರೆ ಬೇರೆ. ದೀಪ ಉರಿಯದಿರುವುದಕ್ಕೆ ಒಂದು ಮನೆಯಲ್ಲಿ ಎಣ್ಣೆಯಿಲ್ಲ, ಇನ್ನೊಂದರಲ್ಲಿ ಬತ್ತಿಯಿಲ್ಲ. ಎರಡು ಮನೆಯವರೂ ಸೇರಿದರೆ ಎಣ್ಣೆಯೂ ಬತ್ತಿಯೂ ಕೂಡಿ ದೀಪ ಹತ್ತಿಕೊಳ್ಳುವುದು! ಕಾಲ್ ಅಲ್ಬಿನೋವಿಗೂ ಶಾರ್ಪ್ ಅಲ್ಬಿನೋವಿಗೂ ಹುಟ್ಟುವ ಮರಿಗಳು ಎಲ್ಲವೂ ಕಾಡಿನ ಬಣ್ಣದುವು. ನಮ್ಮ ನೆರೆಯವರ ಹೆಣ್ಣು ಕಾಲ್ ಸಂತತಿಯದು, ಗಂಡು ಶಾರ್ಪಿನದು. ಮಾರಿದ ಇಬ್ಬರೂ ಸತ್ಯವನ್ನೇ ಹೇಳಿದ್ದರು. ಯಾವ ಸಂತತಿಯೆಂದು ಇವರು ಕೇಳಿರಲಿಲ್ಲ. ಸಾಧಾರಣವೆಂದು ಮಾರಿದ ಆ ಇಪ್ಪತ್ತರಲ್ಲಿ ಯಾವುದರೊಳಗೆ ಒಂದು ಗುಪ್ತಬೀಜವಿತ್ತೋ, ಯಾವುದರೊಳಗೆ ಎರಡಿದ್ದುವೋ, ಕೊಂಡವರಿಗೂ ತಿಳಿಯದು, ಮಾರಿದವರಿಗೂ ತಿಳಿಯದು.

ಇದನ್ನು ಕೇಳಿದಾಗ ನನಗೆ ಮಹಾಭಾರತದ ವನಪರ್ವವು ನೆನಪಾಯಿತು. ಅಗಸ್ತ್ಯರ ಶಾಪದಿಂದ ಅಜಗರವಾಗಿ ಬಿದ್ದಿದ್ದ ನಹುಷನು ಭೀಮನನ್ನು ಸುತ್ತಿ ಹಿಡಿದಾಗ ಧರ್ಮರಾಯನು ಬಂದು ಅವನ ಪ್ರಶ್ನೆಗಳಿಗೆ ಉತ್ತರ ಕೊಡುವನಷ್ಟೆ. ಬ್ರಾಹ್ಮಣನು ಯಾರೆಂಬ ಪ್ರಶ್ನೆಗೆ ನಡತೆಯಿಂದ ತಿಳಿಯಬೇಕು, ಹುಟ್ಟನ್ನು ನಿಶ್ಚಯಿಸುವುದು ಕಷ್ಟವೆಂಬ ಅರ್ಥದ ಮಾತನ್ನು ಅವನು ಆಡುವನು. ಕಥೆಯನ್ನು ನೆರೆಯವರಿಗೆ ಹೇಳಿದೆನು. ಅವರು ಬಹಳ ಹೊತ್ತು ಸುಮ್ಮನಿದ್ದು, “ಆ ಪ್ರಶ್ನೆಯನ್ನು ಕೇಳಿದ್ದು ಹಾವೇ?” ಎಂದು ಎರಡು ಸಲ ಕೇಳಿದರು.

ಹುಟ್ಟಿನ ನಿಶ್ಚಯಕ್ಕೆ ಬಣ್ಣವೇ ಸಾಕ್ಷಿ ನುಡಿದ ಒಂದು ಪ್ರಸಂಗವೂ ಉಂಟು. ಸಾಕಿದ ಒಂದು ಹೆಣ್ಣು ಬೋವಾದ ಮೈಯಲ್ಲಿ ‘ಕ್ಯಾರಮೆಲ್’ ಎಂಬ ಅಪರೂಪದ ಗುಪ್ತಬಣ್ಣವಿತ್ತು. ಅದರೊಡನಿದ್ದ ಗಂಡುಗಳಿಗೆ ಆ ಬೀಜವಿರಲಿಲ್ಲ. ಆದರೂ ಅದು ಎರಡು ಹೆರಿಗೆಗಳಲ್ಲಿ ಹಾಕಿದ ೨೨ ಮರಿಗಳೂ ಹೆಣ್ಣೇ, ಎಲ್ಲವೂ ಕ್ಯಾರಮೆಲ್ಲೇ. ತಂದೆಯ ಪಾಲು ಎಲ್ಲಿ ಹೋಯಿತು? ಉತ್ತರ ಕ್ಯಾರೊಲಿನಾ ರಾಜ್ಯ ವಿಶ್ವವಿದ್ಯಾನಿಲಯದ ವಿದ್ವಾಂಸರು ತಳಿಬೀಜಗಳನ್ನೇ ಪರೀಕ್ಷಿಸಿ, ಈ ಮರಿಗಳಿಗೆ ತಂದೆಯೇ ಇಲ್ಲ, ತಾಯಿಯೊಂದರಿಂದಲೇ ಹುಟ್ಟಿದುವೆಂದು ತೋರಿಸಿದರು. ಅವರ ಪ್ರಬಂಧವು ೨೦೧೧ರ ಪತ್ರಿಕೆಯಲ್ಲಿ ಬಂದಿತು. ಗಂಡಿನ ನೆರವಿಲ್ಲದೆ ಬೋವಾ ಮರಿ ಹಾಕಬಲ್ಲುದೆಂದು ಲೋಕಕ್ಕೆ ತಿಳಿದದ್ದು ಹೀಗೆ. ಆ ತಾಯಿಯು ಕಾಡಿನ ಬಣ್ಣದ್ದಾಗಿದ್ದರೆ ಯಾರಿಗೂ ಸಂಶಯ ಬರುತ್ತಿರಲಿಲ್ಲವೋ ಏನೋ.

ಇಷ್ಟೆಲ್ಲ ಬಣ್ಣದಿಂದ ಹಾವಿಗೇನು ಸುಖವೆಂದು ಕೇಳಿದರೆ, ಏನೂ ಇಲ್ಲ. ಕಾಡಿನಲ್ಲಿ ಹಳದಿಯ ಹಾವು ಗಿಡುಗನ ಕಣ್ಣಿಗೆ ಬೇಗನೆ ಬೀಳುವುದು. ಅಪರೂಪದ ಬಣ್ಣವನ್ನು ಹೆಚ್ಚಿಸಬೇಕೆಂದು ತಂದೆಗೆ ಮಗಳನ್ನೂ ಅಣ್ಣನಿಗೆ ತಂಗಿಯನ್ನೂ ಕೂಡಿಸುವರು. ಆಗ ಬೇಕಾದ ಗುಪ್ತದೊಡನೆ ಬೇಡದ ಗುಪ್ತಗಳೂ ಹೊರಬೀಳುವುವು. ಬೋವಾದಲ್ಲಿ ‘ಮಾಟ್ಲಿ’ ಎಂಬ ಗುಣದ ಬೀಜ ಒಂದಿದ್ದರೆ ಬೆನ್ನಿನ ಗುರುತುಗಳು ದುಂಡಾಗಿ ಸೊಗಸುವುವು. ಎರಡೂ ಅದೇ ಆದರೆ ಮರಿಯು ಇದ್ದಲಿನಂತೆ ಕಪ್ಪಾಗುವುದು, ಅಂತಹವು ಹೆಚ್ಚಾಗಿ ಬೆಳೆಯುವ ಮೊದಲೇ ಸಾಯುವುವೆಂದು ಸಾಕುವವರೇ ಒಪ್ಪುವರು. ಆಫ್ರಿಕದ ಬಾಲ್ ಪೈಥಾನ್ ಎಂಬ ಸಣ್ಣ ಹೆಬ್ಬಾವಿನಲ್ಲಿ ‘ಸ್ಪೈಡರ್’ ಎಂಬ ರೂಪವಿದೆ. ಮೈಮೇಲೆ ಜೇಡರ ಬಲೆಯಂತಹ ಸೂಕ್ಷ್ಮವಾದ ಗೆರೆಗಳು, ನೋಡಲು ಅತ್ಯಂತ ಸುಂದರ. ಆದರೆ ಅವುಗಳ ತಲೆ ನೆಟ್ಟಗೆ ನಿಲ್ಲದು. ಓಲಾಡುತ್ತ, ಕೆಲವು ವೇಳೆ ಅಡಿಮೇಲಾಗುತ್ತ ಇರುವುದು. ಇದು ಚಟವಲ್ಲ, ಒಳಗಿವಿಯ ರಚನೆಯೇ ಕೆಟ್ಟಿರುವುದೆಂದು ೨೦೨೨ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ಗೊತ್ತಾಯಿತು. ಬಣ್ಣವನ್ನು ಉಳಿಸಿ ಓಲಾಟವನ್ನು ಬಿಡಿಸಲು ಯಾರಿಂದಲೂ ಆಗಿಲ್ಲ. ತಿಳಿದೂ ಅಂತಹವನ್ನು ಹುಟ್ಟಿಸಿ ಮಾರುವುದನ್ನು ನಾನು ಪಾಪವೆಂದೇ ಹೇಳುವೆನು. ನೆರೆಯವರೂ ಅದಕ್ಕೆ ಎದುರಾಡಲಿಲ್ಲ. ತಮ್ಮಲ್ಲಿ ಮಾಟ್ಲಿಗೆ ಮಾಟ್ಲಿಯನ್ನು ಕೂಡಿಸುವುದಿಲ್ಲವೆಂದರು.

ಬೆಲೆಯ ಮಾತೂ ವಿಚಿತ್ರವಾದುದೇ. ಬಣ್ಣವು ಅಪರೂಪವೆಂದು ಬೆಲೆ. ಬೆಲೆಯುಂಟೆಂದು ಎಲ್ಲರೂ ಮರಿ ಮಾಡಿಸುವರು. ಎಲ್ಲರೂ ಮಾಡಿಸಿದಮೇಲೆ ಅಪರೂಪವೆಲ್ಲಿ? ಒಂದು ಕಾಲದಲ್ಲಿ ಸಾವಿರಗಟ್ಟಳೆ ಡಾಲರಿಗೆ ಹೋದ ಅಲ್ಬಿನೋ ಈಗ ಕೆಲವು ನೂರಕ್ಕೆ ದೊರೆಯುವುದು. ಬೇಸತ್ತವರು ಹಾವನ್ನು ಹೊರಗೆ ಬಿಟ್ಟು ಕೈತೊಳೆದುಕೊಳ್ಳುವುದೂ ಉಂಟು. ಫ್ಲಾರಿಡಾದ ಮಯಾಮಿಯ ಒಂದು ತೋಪಿನಲ್ಲಿ ೧೯೭೦ರ ದಶಕದಿಂದಲೂ ಬೋವಾಗಳು ಬೇರುಬಿಟ್ಟಿವೆ. ಅರೂಬಾ ದ್ವೀಪದಲ್ಲಿ ೧೯೯೯ರಲ್ಲಿ ಮೊದಲು ಕಾಣಿಸಿಕೊಂಡು ಬಳಿಕ ಅಲ್ಲಿನ ಹಕ್ಕಿ ಹಲ್ಲಿಗಳಿಗೆ ಮಾರಿಯಾದುವು. ಅಮೆರಿಕದ ಸರಕಾರವು ೨೦೧೨ ಮತ್ತು ೨೦೧೫ರಲ್ಲಿ ಕೆಲವು ದೊಡ್ಡ ಹೆಬ್ಬಾವು ಅನಕೊಂಡಗಳನ್ನು ಹಾನಿಕರ ಪ್ರಾಣಿಗಳ ಪಟ್ಟಿಗೆ ಸೇರಿಸಿದಾಗ ಬೋವಾವನ್ನೂ ಸೇರಿಸುವ ಆಲೋಚನೆಯಿದ್ದು, ಕೊನೆಗೆ ಬಿಟ್ಟುಬಿಟ್ಟಿತು.

ನಮ್ಮ ದೇಶದಲ್ಲಿ ಹಾವು ಸಾಕುವ ಹವ್ಯಾಸಕ್ಕೆ ಯಾರೂ ಈ ಲೇಖನದಿಂದ ಆಸೆಪಡಬಾರದು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಮ್ಮ ಕಾಡಿನ ಹಾವುಗಳನ್ನು ಹಿಡಿಯುವುದೂ ಮಾರುವುದೂ ಅಪರಾಧ. ಬೋವಾದಂತಹ ಪರದೇಶದ ಪ್ರಾಣಿಗಳ ವಿಷಯದಲ್ಲಿಯೂ ೨೦೨೨ರ ತಿದ್ದುಪಡಿ ಮತ್ತು ೨೦೨೪ರ ನಿಯಮಗಳ ಮೇಲೆ, ಇಟ್ಟುಕೊಂಡವರು ಸರಕಾರಕ್ಕೆ ತಿಳಿಸಿ ನೋಂದಾಯಿಸತಕ್ಕುದು. ಆದರೂ ನಮ್ಮ ಮಣ್ಣುಮುಕ್ಕನ ಪಾಡನ್ನು ನೋಡಿರಿ. ಅದರ ಬಾಲವು ಮೊಂಡಾಗಿ ತಲೆಯಂತೆ ತೋರುವುದೇ ಅದರ ಅಪರಾಧ. ಎರಡು ತಲೆಯುಂಟೆಂದೂ ಮನೆಯಲ್ಲಿಟ್ಟರೆ ಲಕ್ಷ್ಮಿ ಬರುವಳೆಂದೂ ಮೋಸಗಾರರು ನಂಬಿಸಿ ಲಕ್ಷಗಟ್ಟಳೆ ಬೆಲೆ ಹೇಳುವರು. ಪೋಲೀಸರು ಹಿಡಿದ ಸುದ್ದಿ ನಮ್ಮ ಜಿಲ್ಲೆಗಳ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುವುದು. ಅಲ್ಲಿಯವರು ಬಣ್ಣಕ್ಕೆ ಹಣ ಕೊಟ್ಟರೆ ಇಲ್ಲಿಯವರು ಇಲ್ಲದ ತಲೆಗೆ ಕೊಡುವರು.

ನಾವು ಊರಿಗೆ ಹೊರಡುವ ಮೊದಲು, ಜೂನ್ ತಿಂಗಳ ಒಂದು ಬೆಳಗ್ಗೆ ನೆರೆಯವರು ಬಾಗಿಲು ತಟ್ಟಿ, “ಪ್ರೊಫೆಸರ್, ಬನ್ನಿ” ಎಂದರು. ನಾನೂ ಮೊಮ್ಮಗಳೂ ಓಡಿದೆವು. ಗೂಡಿನ ತುಂಬ ಒದ್ದೆಯಾದ, ಬೆರಳಿನ ದಪ್ಪದ ಮರಿಗಳು. ಕೆಲವು ಇನ್ನೂ ತೆಳುವಾದ ಚೀಲದೊಳಗೇ ಸುತ್ತಿಕೊಂಡಿದ್ದು, ಮೂತಿಯಿಂದ ಹರಿದು ಹೊರಬರುತ್ತಿದ್ದುವು. ಮೊಮ್ಮಗಳು ಎಣಿಸಿದಳು: ಇಪ್ಪತ್ತಮೂರು ಮರಿ, ಎರಡು ಕೆಟ್ಟ ಹಳದಿಯ ಮುದ್ದೆ. ತಾಯಿತಂದೆ ಎರಡೂ ಕಾಲ್ ಸಂತತಿಯ ಹೆಟ್. ಲೆಕ್ಕದಂತೆ ಆರರ ಹತ್ತಿರ ಅಲ್ಬಿನೋ ಬರಬೇಕಾಗಿತ್ತು, ಬಂದುವು ನಾಲ್ಕು. “ಲೆಕ್ಕ ತಪ್ಪಿತಲ್ಲಾ ತಾತ” ಎಂದಳು. ನಾಣ್ಯವನ್ನು ಇಪ್ಪತ್ತು ಸಲ ಚಿಮ್ಮಿದರೆ ಹತ್ತೇ ಸಲ ತಲೆ ಬೀಳುವುದಿಲ್ಲವೆಂದು ಅವಳಿಗೆ ತಿಳಿಸಬೇಕಾದರೆ ನನಗೆ ಸಾಕಾಯಿತು.

ಅದೇ ಸಾಯಂಕಾಲ ನೆರೆಯವರು ಮೇಜಿನ ಮುಂದೆ ಕುಳಿತು, ಕಾಡಿನ ಬಣ್ಣದ ಹತ್ತೊಂಬತ್ತು ಮರಿಗಳಿಗೂ ಒಂದೊಂದು ಚೀಟಿಯನ್ನು ಕೈಯಾರೆ ಬರೆದರು: ತಾಯಿಯ ಗುರುತು, ತಂದೆಯ ಗುರುತು, ಹುಟ್ಟಿದ ದಿನ, ೬೬, ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ ‘ಕಾಲ್’. ಆ ಗಂಡನ್ನು ಮಾರಿದ ಮನುಷ್ಯನಿಗೆ ಆಮೇಲೆ ಏನಾದರೂ ಬರೆದಿರಾ ಎಂದು ಕೇಳಿದೆನು. ಬರೆದೆ, ಎರಡು ಸಲ ಬರೆದೆ, ಉತ್ತರ ಬರಲಿಲ್ಲವೆಂದು ಹೇಳಿ ಮುಂದಿನ ಚೀಟಿಯನ್ನು ಎತ್ತಿಕೊಂಡರು.